ಇಂದೂನ ಹಿಂದಿನ ನಂಬರ್

ನಂಬರ್ ಎನ್ನುವುದು ಇಂಗ್ಲಿಷ್ ಶಬ್ದ ಎಂದು ಯಾರಾದರೂ ಹೇಳಿದ್ದರೆ ಕಾಶವ್ವ ನಂಬುತ್ತಿರಲಿಲ್ಲ. ಇಂಗ್ಲಿಷಿನ ಗಂಧಗಾಳಿ ಇಲ್ಲದ ಹೆಂಗಸು. ಆದರೆ ಈ ಶಬ್ದವಿಲ್ಲದೆ ಆಕೆಗೆ ದಿನ ಸಾಗುತ್ತಿರಲಿಲ್ಲ. ಗಂಡ ಗೂಳಪ್ಪನ ಚಸ್ಮಾದ ನಂಬರ್ ಏರಿತ್ತು. ಮಗಳು ನೀತಾ ಶಾಲೆಯಲ್ಲಿ ಯಾವಾಗಲೂ ಮೊದಲ ನಂಬರ್. ಚಪ್ಪಲಿಗೂ ನಂಬರ್, ಶಿವಾಜಿನಗರದ ಬಸ್ಸಿಗೂ ನಂಬರ್. ಮೂಲೆಯ ಕಿರಾಣಿ ಅಂಗಡಿಯವನು 'ಭಾರೀ ನಂಬರ್ ಮನುಷ್ಯ', ಅಂದರೆ ತೂಕದಲ್ಲಿ ಕೈಚಳಕ ತೋರಿಸುವವನು. ಇಷ್ಟೆಲ್ಲ ಇದ್ದರೂ ಬಿಬವೇವಾಡಿಯ ಆ ಸಾಲುಮನೆಗಳ ಚಾಳಿನಲ್ಲಿ ಬರೀ ನಂಬರ್ ಎಂದರೆ ನಳದ ನಂಬರ್.

ನಳ ಒಂದೇ, ಮನೆಗಳು ಹತ್ತಾರು. ಬೆಳಗಿನ ನೀರಿಗೆ ಹಿಂದಿನ ಸಂಜೆಯೇ ಕೊಡ ಇಟ್ಟು ನಂಬರ್ ಹಚ್ಚಬೇಕು. ಗಂಡಂದಿರ ಮೇಲೆ ಇಲ್ಲದ ನಂಬಿಕೆ ಹೆಂಗಸರಿಗೆ ಆ ಕೊಡಗಳ ಸಾಲಿನ ಮೇಲಿತ್ತು. ನಂಬರ್ ಬಂದಾಗ ಕೊಡದ ಒಡತಿ ಎದುರಿಗಿಲ್ಲದಿದ್ದರೆ, ಹಿಂದಿನವಳು ಅದನ್ನು ತುಂಬಿ ಪಕ್ಕಕ್ಕಿಟ್ಟು ಆಮೇಲೆ ತನ್ನದನ್ನು ತುಂಬಬೇಕು. ಯಾರೂ ಹೇಳಿಕೊಟ್ಟ ಕಾಯ್ದೆಯಲ್ಲ ಅದು, ಆದರೆ ಮುರಿದವರ ಏಳು ಜನ್ಮ ಜಾಲಾಡಿಬಿಡುತ್ತಿದ್ದರು.

ತೊಂಬತ್ತಾರರಲ್ಲಿ, ಬೇಸಿಗೆ ಶುರುವಾಗುತ್ತಿದ್ದ ಹೊತ್ತಿಗೆ, ಕಾಶವ್ವನ ಪಕ್ಕದ ಖೋಲಿಯ ಇಂದೂ ಜ್ವರ ಬಂದು ತೀರಿಕೊಂಡಳು. ಮಕ್ಕಳಿರಲಿಲ್ಲ. ಗಂಡ ಖೋಲಿ ಬಿಟ್ಟು ವಿಜಾಪುರದ ಹಾದಿ ಹಿಡಿದ. ಕೆಲವು ದಿನಗಳ ಮೇಲೆ ಅವಳ ಹಿತ್ತಾಳೆ ಕೊಡ, ಕಂಠದ ಬಳಿ ನೆಗ್ಗಿದ್ದು, ನಳದ ಮುಂದೆ ಎಲ್ಲರಿಗಿಂತ ಮೊದಲು ಕೂತಿತ್ತು. ಗಂಡ ಹೋಗುವಾಗ ಯಾರಿಗೋ ಕೊಟ್ಟಿರಬೇಕು ಎಂದು ಎಲ್ಲರೂ ಸುಮ್ಮನಾದರು. ಹಿಂದಿದ್ದ ಮೂಲೆ ಖೋಲಿಯ ಶಿವಪ್ಪನ ಮುದುಕಿ ತಾಯಿ ಅದನ್ನು ತುಂಬಿ ಪಕ್ಕಕ್ಕಿಟ್ಟಳು. ಹೊತ್ತು ಏರುವುದರೊಳಗೆ ಕೊಡ ಅಲ್ಲಿರಲಿಲ್ಲ. ಮಧ್ಯಾಹ್ನ ಉಂಡು ಮಲಗಿದ ಮುದುಕಿ ಏಳಲಿಲ್ಲ.

ಮತ್ತೆ ಕೊಡ ಕಾಣಿಸಿದ್ದು ಯುಗಾದಿ ಕಳೆದ ಮೇಲೆ. ಆ ದಿನ ಹಿಂದಿದ್ದವನು ಬಾಳು ಎಂಬ ದರ್ಜಿ, ಒಂಟಿ ಜೀವ. ಅವನೂ ಕಾಯ್ದೆಯಂತೆ ತುಂಬಿಟ್ಟ. ಅಂದೇ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟವನು ಹಾಗೆಯೇ ಹೋದ.

"ಇಂದೂನ ಕೊಡದ ಹಿಂದ ಯಾರ ನಂಬರ್ ಇರ್ತದ, ಅವರು ಉಳಿಯಂಗಿಲ್ರಿ," ಎಂದು ಕಾಶವ್ವ ಗಂಡನ ಕಿವಿಗೆ ಹಾಕಿದಳು.

ಗೂಳಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಗುಮಾಸ್ತ, ಲೆಕ್ಕಕ್ಕೆ ಸಿಗದ್ದನ್ನು ಒಪ್ಪುವವನಲ್ಲ. "ಮುದುಕಿ ವಯಸ್ಸಾಗಿ ಸತ್ಳು, ಬಾಳು ಕುಡದು ಸತ್ತ. ನಡುವ ಕೊಡ ಏನ್ ಮಾಡ್ತದ? ಮಂದಿ ಮುಂದ ಹೇಳಿ ನಗೆಗೇಡಾಗಬ್ಯಾಡ," ಎಂದ. ಕಾಶವ್ವ ಆ ಮಾತನ್ನು ಮತ್ಯಾರ ಮುಂದೆಯೂ, ಮಗಳ ಮುಂದೆಯೂ ಎತ್ತಲಿಲ್ಲ.

ತಂಗಿಯ ಮನೆಯ ತೊಟ್ಟಿಲ ಕಾರ್ಯಕ್ಕೆಂದು ಒಂದು ದಿನ ಹೋಗಿಬರುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ನೀತಾ ಕಂಬಳಿ ಹೊದ್ದು ನಡುಗುತ್ತಿದ್ದಳು, ಮೈ ಕಾದ ಹಂಚು. "ನಂಬರ್ ಹಚ್ಚಿ ಬಂದೀನಿ ಅವ್ವಾ, ನೀ ಕಾಳಜಿ ಮಾಡಬ್ಯಾಡ," ಎಂದಳು. ಕಾಶವ್ವ ನಳದ ಬಳಿ ಓಡಿದಳು. ಎಲ್ಲಕ್ಕಿಂತ ಮುಂದೆ ಇಂದೂನ ಕೊಡ. ಅದರ ಹಿಂದೆ ನೀತಾಳ ಸ್ಟೀಲಿನ ಕೊಡ. ಅದರ ಹಿಂದೆ ಎದುರು ಮನೆಯ ಶಿವಕಾಂತಾಳ ಬಕೆಟ್ಟು.

ಮರುದಿನ ನೀರು ಬರಲಿಲ್ಲ. ಎಲ್ಲೋ ಪೈಪು ಒಡೆದಿತ್ತಂತೆ. ಅದರ ಮರುದಿನವೂ ಬರಲಿಲ್ಲ. ಸಾಲು ಕದಲಲಿಲ್ಲ, ನೀತಾಳ ಜ್ವರವೂ ಕದಲಲಿಲ್ಲ. ಡಾಕ್ಟರು ಸೂಜಿ ಚುಚ್ಚಿದ್ದೇ ಬಂತು. ಚಾಳಿಗೆ ಚಾಳೇ ನೀರು ಬರಲಿ ಎಂದು ಬಾಯಿ ಬಾಯಿ ಬಿಡುತ್ತಿದ್ದರೆ, ಕಾಶವ್ವ ಒಬ್ಬಳೇ ಬಾರದಿರಲಪ್ಪಾ ಎಂದು ಸೆರಗೊಡ್ಡಿ ಬೇಡಿಕೊಂಡಳು. ನೀರು ಬಂದರೆ ಮಗಳ ನಂಬರ್ ಬರುತ್ತದೆ.

ಆ ರಾತ್ರಿ ಇಂದೂನ ಕೊಡವನ್ನೇ ಒಯ್ದು ಚಾಳಿನ ಹಿಂದಿನ ಕೊಳಚೆ ನಾಲಾಕ್ಕೆ ಎಸೆದು ಬಂದಳು. ಬೆಳಗ್ಗೆ ಅದು ತನ್ನ ಜಾಗದಲ್ಲೇ ಇತ್ತು. ಬಗ್ಗಿ ನೋಡಿದರೆ ತಳದಲ್ಲಿ ನಾಲಾದ ಕೆಸರು.

ಮಗಳ ಕೊಡವನ್ನು ತೆಗೆದುಬಿಡಬಹುದಿತ್ತು. ತೆಗೆದರೆ ಹಿಂದಿನದು ಶಿವಕಾಂತಾಳ ಬಕೆಟ್ಟು, ಅವಳ ಕಂಕುಳಲ್ಲಿ ಇನ್ನೂ ಹಾಲು ಬಿಡದ ಕೂಸು. ತನ್ನ ಮನೆಯ ಬೆಂಕಿಯನ್ನು ಎದುರು ಮನೆಗೆ ಒಯ್ದಿಡುವಷ್ಟು ಕಾಶವ್ವ ಕೆಟ್ಟವಳಲ್ಲ. ಸಂಜೆ ತನ್ನ ತಾಮ್ರದ ಕೊಡವನ್ನು ತಂದು ಇಂದೂನದಕ್ಕೂ ನೀತಾಳದಕ್ಕೂ ನಡುವೆ ಇಟ್ಟಳು. ಸಾಯಲು ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾದೀತು. ಆದರೂ ಅಂದು ಮಗಳ ಪಕ್ಕ ಕಣ್ತುಂಬ ನಿದ್ದೆ ಮಾಡಿದಳು.

ನೀರು ಬಂತು ಎಂಬ ಕೂಗು ಎದ್ದಾಗ ಬೆಳಕು ಹರಿದಿತ್ತು. ಕಾಶವ್ವ ಮಗಳಿಗೆ ಗಂಜಿ ಕುಡಿಸುತ್ತಿದ್ದವಳು ಬಟ್ಟಲು ಕೆಳಗಿಟ್ಟು ಓಡಿದಳು. ಇಂದೂನ ಕೊಡ ಆಗಲೇ ತುಂಬಿ ಪಕ್ಕಕ್ಕೆ ಕೂತಿತ್ತು. ನಳದ ಕೆಳಗಿದ್ದದ್ದು ನೀತಾಳ ಕೊಡ. ನೀರು ಅಷ್ಟಕ್ಕೇ ನಿಂತು, ನಳ ಗೊರಗೊರ ಎನ್ನುತ್ತ ತಡೆತಡೆದು ಗಾಳಿ ಉಗುಳುತ್ತಿತ್ತು.

ಶಿವಕಾಂತಾ ನಕ್ಕು ಹೇಳಿದಳು: "ಅಕ್ಕಾ, ಮನ್ಯಾಗ ಹುಡುಗಿ ಜಡ್ಡು ಬಿದ್ದದ. ಅಕಿಗೆ ನೀರು ಮೊದಲ ಸಿಗಲಿ ಅಂತ, ಎಲ್ಲಾರೂ ಕೂಡಿ ಅಕಿ ಕೊಡ ನಿಮ್ಮದಕ್ಕಿಂತ ಮುಂದ ಇಟ್ಟೀವ್ರಿ. ತುಂಬಿದ ಕೂಡಲೇ ನಾನೇ ತಂದು ಕೊಡಾಕಿ ಇದ್ನಿ."

ಅವಳ ಮುಖದಲ್ಲಿ ಬರೀ ಅಂತಃಕರಣ. ನಳದ ಬಾಯಲ್ಲಿ ಮತ್ತೆ ಧಾರೆ ಕಾಣಿಸಿತು. ಹುಟ್ಟಿದಾಗಿನಿಂದ ನಂಬರ್ ಬಂದ ಕೊಡ ಎಂದೂ ಸರಿಸದ ಕಾಶವ್ವ ಮಗಳ ಕೊಡವನ್ನು ಕಿತ್ತೆಸೆದು ತನ್ನದನ್ನು ಒಡ್ಡಿದಳು. ಸ್ಟೀಲಿನ ಕೊಡ ಫರಸಿ ಕಲ್ಲಿನ ಮೇಲೆ ಉರುಳಿಕೊಂಡು ಹೋಯಿತು. "ಏನಾತ್ರಿ ಇವರಿಗೆ?" ಎಂದು ಯಾರೋ ಅಂದರು. ಕಾಶವ್ವ ಕೊಡದ ಕಂಠವನ್ನು ಎರಡೂ ಕೈಯಿಂದ ಹಿಡಿದು, ನೀರು ಅಂಚಿಗೆ ಬರುವತನಕ ಬಿಡಲಿಲ್ಲ.

ಎತ್ತಿ ಸೊಂಟಕ್ಕಿಟ್ಟುಕೊಂಡಳು. ಒಂದಿಷ್ಟೂ ಭಾರವಿರಲಿಲ್ಲ. ಬೆನ್ನ ಹಿಂದೆ ಹೆಂಗಸರು ಕೂಗಾಡುತ್ತಿದ್ದರು. ಬೈಯುತ್ತಿದ್ದಾರು, ಬೈಯಲಿ, ಎಂದುಕೊಂಡು ತಿರುಗಿ ನೋಡದೆ ಮನೆಗೆ ನಡೆದಳು.

ನೀತಾ ಎದ್ದು ಕೂತಿದ್ದಳು, ಪಕ್ಕದಲ್ಲಿ ಗೂಳಪ್ಪ. ಹಣೆಯ ತುಂಬ ಬೆವರು, ಕಣ್ಣು ತಿಳಿಯಾಗಿದ್ದವು. "ಅಪ್ಪಾ, ಭಾಳ ಹಸಿವಿ ಆಗ್ಯದ," ಎನ್ನುತ್ತಿದ್ದಳು. ಕಾಶವ್ವನಿಗೆ ಸಂತೋಷದಿಂದ ಎದೆ ಬಿರಿಯುವಂತಾಯಿತು. "ಬಂದ್ನಿ ನನ್ನವ್ವಾ, ಈಗ ಬಿಸಿ ರೊಟ್ಟಿ ಬಡಿತೀನಿ," ಎಂದಳು.

ನೀತಾ ಬಾಗಿಲ ಕಡೆ ನೋಡಿದಳು. "ಅವ್ವ ಯಾಕ ಇನ್ನೂ ಬರಲಿಲ್ಲ?" ಎಂದಳು.

ಅಷ್ಟರಲ್ಲಿ ಶಿವಕಾಂತಾ ಏದುಸಿರು ಬಿಡುತ್ತ ಬಂದು, ಕಾಶವ್ವ ನಿಂತಿದ್ದ ಹೊಸ್ತಿಲಲ್ಲೇ ನಿಂತಳು. "ಅಣ್ಣಾರ, ಲಗೂ ಬರ್ರಿ. ಕಾಶಕ್ಕ ನಳದ ಹತ್ರ ಬಿದ್ದಾರ್ರಿ, ಏಳವಲ್ರು."

ಗೂಳಪ್ಪ ಬರಿಗಾಲಲ್ಲಿ ಓಡಿದ. ಕಾಶವ್ವ ಹತ್ತಿರ ಹೋಗಿ ಮಗಳ ಹಣೆ ಮುಟ್ಟಿ ನೋಡಿದಳು. ತಣ್ಣಗಿತ್ತು. ಅಷ್ಟು ಸಾಕಿತ್ತು ಆಕೆಗೆ. ಆದರೂ ಹಸಿದು ಕೂತ ಕೂಸಿಗೆ ಒಂದು ರೊಟ್ಟಿ ಬಡಿದಿಟ್ಟು ಹೋಗಬೇಕಿತ್ತಲ್ಲ ಎಂದು ಕರುಳು ಹಿಂಡಿತು.