ಎಂಟು ಪೆಂಗ್ವಿನ್‌ಗಳ ರಕ್ತ

ಮೂವತ್ತೊಂದು ವರ್ಷ ಮನುಷ್ಯರ ರಕ್ತ ನೋಡಿ ನಿವೃತ್ತಿಯಾದವರನ್ನು ಒಂದೇ ದಿನದಲ್ಲಿ ಪೆದ್ದರನ್ನಾಗಿ ಮಾಡಬೇಕೇ? ಅವರ ಕೈಗೆ ಒಂದು ಗುಬ್ಬಿಯ ರಕ್ತ ಕೊಟ್ಟರೆ ಸಾಕು. ದೊಡ್ಡಮ್ಮನಿಗೆ ಆದದ್ದೂ ಅದೇ.

ದೊಡ್ಡಮ್ಮ ಅಂದರೆ ಊರಿಗೆಲ್ಲ ದೊಡ್ಡಮ್ಮನಲ್ಲ, ಪ್ರಯೋಗಾಲಯದ ಮುಖ್ಯಸ್ಥೆಗೆ ಮಾತ್ರ. ಅವಳು ಇವರ ತಂಗಿಯ ಮಗಳು. ಹಕ್ಕಿಗಳ ರಕ್ತದಲ್ಲಿ ಮನೆ ಮಾಡುವ ಪರಾವಲಂಬಿಗಳನ್ನೂ ಅವನ್ನು ಹಕ್ಕಿಯಿಂದ ಹಕ್ಕಿಗೆ ಹೊತ್ತು ತಿರುಗುವ ಸೊಳ್ಳೆಗಳನ್ನೂ ಅಧ್ಯಯನ ಮಾಡುವುದು ಅವಳ ಕೆಲಸ. ದೊಡ್ಡಮ್ಮನಾದರೋ ಆಸ್ಪತ್ರೆಯ ಮಲೇರಿಯಾ ವಿಭಾಗದಲ್ಲಿ ಸವೆದವರು. ಗಾಜಿನ ಪಟ್ಟಿಯ ಮೇಲೆ ಸವರಿದ ಒಂದು ಹನಿ ರಕ್ತದಲ್ಲಿ ಒಂದೇ ಒಂದು ರೋಗಾಣು ಅಡಗಿದ್ದರೂ ಕಿವಿ ಹಿಡಿದು ಎಳೆದು ತರುತ್ತಿದ್ದರು. ನಿವೃತ್ತಿಯಾದ ಮೇಲೆ ಹೊತ್ತು ಹೋಗದೆ ಅಕ್ಕಪಕ್ಕದ ಮನೆಗಳ ಜಗಳಕ್ಕೆಲ್ಲ ಮೂಗು ತೂರಿಸತೊಡಗಿದಾಗ, ಇವರನ್ನು ಹೀಗೇ ಬಿಟ್ಟರೆ ಬೀದಿಗೇ ಅಪಾಯ ಎಂದು ಆ ತಂಗಿಯ ಮಗಳೇ ಕರೆದು ಕೆಲಸ ಕೊಟ್ಟಳು. ಒಂದೇ ಕರಾರು: ಬಾಗಿಲ ಒಳಗೆ ಅವಳು ಮೇಡಂ, ಇವರಿಗೆ ‘ನೀವು’. ಬಾಗಿಲ ಹೊರಗೆ ಪುಟ್ಟಿ, ದೊಡ್ಡಮ್ಮ.

ಮೊದಲ ದಿನವೇ ಎಡವಟ್ಟಾಯಿತು. ಗುಬ್ಬಿಯ ರಕ್ತ ನೋಡಿದ ದೊಡ್ಡಮ್ಮನ ಎದೆ ಧಸಕ್ಕೆಂದಿತು. ಒಂದೊಂದು ಕೆಂಪುಕಣದ ನಡುವೆಯೂ ದಟ್ಟ ನೇರಳೆ ಬಣ್ಣದ ಚುಕ್ಕೆ! ಓಡಿ ಬಂದು ಪಡಸಾಲೆಯಲ್ಲಿ ನಿಂತು, ಒಂದು ಕಣವನ್ನೂ ಬಿಟ್ಟಿಲ್ಲ, ನೂರಕ್ಕೆ ನೂರು ರೋಗ, ಈ ಗುಬ್ಬಿ ಬದುಕಿದ್ದೇ ಹೆಚ್ಚು ಎಂದು ಸಾರಿಬಿಟ್ಟರು. ಅಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮನುಷ್ಯರ ಕೆಂಪುಕಣದ ನಡುವೆ ಏನೂ ಇರುವುದಿಲ್ಲ. ಹಕ್ಕಿಗಳದರಲ್ಲಿ ಹುಟ್ಟಿನಿಂದಲೇ ಒಂದು ಬೀಜವಿರುತ್ತದೆ. ಅದು ರೋಗವಲ್ಲ, ದೇವರು ಕೊಟ್ಟದ್ದು. ರಕ್ತದಲ್ಲಿ ರೋಗಾಣುವಿನ ವಂಶವಾಹಿ ಹುಡುಕುವ ಯಂತ್ರ ನಡೆಸುವವನೊಬ್ಬನಿದ್ದ, ಎಲ್ಲರೂ ಅವನನ್ನು ಯಂತ್ರದ ಯಜಮಾನ ಎನ್ನುತ್ತಿದ್ದರು. ಅವನು ಅಂದೇ ಇವರಿಗೆ ‘ನೂರಕ್ಕೆ ನೂರು’ ಎಂದು ಹೆಸರಿಟ್ಟ. ಮೂರು ತಿಂಗಳಾದರೂ ಆ ಹೆಸರು ಬಿಟ್ಟು ಹೋಗಿರಲಿಲ್ಲ. ದೊಡ್ಡಮ್ಮ ಎದುರಿಗೆ ನಗುತ್ತಿದ್ದರು. ಬಸ್ಸಿನಲ್ಲಿ ಮನೆಗೆ ಹೋಗುವಾಗ ಮಾತ್ರ ಮುಖ ಸಣ್ಣದಾಗುತ್ತಿತ್ತು.

ಈಗ ಪೆಂಗ್ವಿನ್‌ಗಳ ವಿಷಯಕ್ಕೆ ಬರೋಣ. ಮೃಗಾಲಯದಲ್ಲಿ ಹನ್ನೊಂದಿದ್ದವು. ಐದೇ ದಿನಗಳಲ್ಲಿ ಮೂರು ಸತ್ತವು, ನಾಲ್ಕನೆಯದು ಎದ್ದು ನಿಲ್ಲಲಾರದೆ ಮೂಲೆ ಹಿಡಿಯಿತು. ಒಂದರಿಂದ ಒಂದಕ್ಕೆ ಹರಡುವ ಜ್ವರವೇ ಇರಬೇಕು, ಊರಿನ ಕೋಳಿಗಳಿಗೆ ತಗುಲುವ ಮೊದಲು ಉಳಿದ ಎಂಟನ್ನೂ ಕೊಂದುಬಿಡಬೇಕು ಎಂದು ಪಶು ಆರೋಗ್ಯ ಅಧಿಕಾರಿಗಳು ತೀರ್ಮಾನಿಸಿದರು. ಸಂಜೆ ಆರಕ್ಕೆ ಬರುತ್ತಾರೆ. ಮೃಗಾಲಯದ ಡಾಕ್ಟರಿಗೆ ಮಾತ್ರ ಬೇರೆಯೇ ಅನುಮಾನ. ಇದು ಹಕ್ಕಿಗಳ ಮಲೇರಿಯಾ ಆಗಿರಬಹುದಲ್ಲ? ಗುಬ್ಬಿಗಳು ಆ ರೋಗಾಣುವನ್ನು ಮೈಯಲ್ಲಿಟ್ಟುಕೊಂಡೇ ಹಾಯಾಗಿ ಹಾರಾಡಿಕೊಂಡಿರುತ್ತವೆ. ಗುಬ್ಬಿಯನ್ನು ಕಚ್ಚಿದ ಸೊಳ್ಳೆ ಪೆಂಗ್ವಿನ್ನನ್ನು ಕಚ್ಚಿತೋ, ಸೊಳ್ಳೆಯನ್ನೇ ಕಾಣದ ಚಳಿನಾಡಿನ ಕುಲದ ಆ ಬಡಪಾಯಿ ಅದನ್ನು ತಡೆದುಕೊಳ್ಳಲಾರದು. ಆದರೆ ಮಲೇರಿಯಾ ಮುಟ್ಟಿದರೆ ಹರಡುವುದಿಲ್ಲ, ಅದಕ್ಕೆ ಔಷಧವಿದೆ. ಹಾಗೆಂದು ರುಜುವಾದರೆ ಎಂಟೂ ಬದುಕಿದವು. ಡಾಕ್ಟರು ಬೆಳಿಗ್ಗೆಯೇ ಎಂಟರ ರಕ್ತವನ್ನೂ ಕಳಿಸಿ, ಐದು ಗಂಟೆಯೊಳಗೆ ಮೇಡಂ ಸಹಿ ಹಾಕಿದ ವರದಿ ಬೇಕೆಂದು ಕೈಮುಗಿದು ಕೇಳಿಕೊಂಡಿದ್ದರು.

ಎರಡು ಗಂಟೆಗೆ ಯಂತ್ರದ ಉತ್ತರ ಬಂತು. ಎಂಟಕ್ಕೂ ಮಲೇರಿಯಾ ಇಲ್ಲ. ಯಂತ್ರ ಸರಿಯಿದೆಯೇ ಎಂದು ನೋಡಲು ಜೊತೆಗಿಟ್ಟಿದ್ದ ರೋಗದ ಗುಬ್ಬಿಯ ರಕ್ತಕ್ಕೆ ಮಾತ್ರ ಹೌದು ಎಂದು ಬಂದಿತ್ತು. ಯಂತ್ರದ್ದು ತಪ್ಪಿಲ್ಲ ಎಂದು ಯಜಮಾನ ಕೈ ಝಾಡಿಸಿಕೊಂಡ. ಮೇಡಂ ಮುಖ ಬಾಡಿತು. ಆದರೂ ಒಂದು ಶಾಸ್ತ್ರಕ್ಕೆ, ಡಾಕ್ಟರು ಗಾಜಿನ ಮೇಲೆ ಸವರಿ ಕಳಿಸಿದ್ದ ಎಂಟು ಪಟ್ಟಿಗಳನ್ನು ದೊಡ್ಡಮ್ಮನ ಮೇಜಿಗೆ ದಾಟಿಸಿದಳು.

ದೊಡ್ಡಮ್ಮ ಕಣ್ಣಲ್ಲಿ ಕಣ್ಣಿಟ್ಟು ಕೂತರು. ಒಂದು, ಎರಡು, ಮೂರು ಪಟ್ಟಿ ಮುಗಿದವು, ಏನೂ ಇಲ್ಲ. ಚಹಾ ಆರಿ ಕೆನೆಗಟ್ಟಿತು. ಆರನೆಯ ಪಟ್ಟಿ ಎದ್ದು ನಿಲ್ಲಲಾರದ ಆ ಹಕ್ಕಿಯದು. ಅದರ ಅಂಚಿನಲ್ಲಿ, ಮೂರೂ ಕಾಲರ ಹೊತ್ತಿಗೆ, ಅವರ ಕೈ ಗಕ್ಕನೆ ನಿಂತಿತು. ಒಂದು ಕಣದಲ್ಲಿ ಬೀಜ ನಡುವೆ ಇಲ್ಲ. ಒತ್ತರಿಸಿದ ಹಾಗೆ ಪಕ್ಕಕ್ಕೆ ಸರಿದಿದೆ; ನಡುವೆ ತಿಳಿನೀಲಿಯ ಒಂದು ದುಂಡು ಮುದ್ದೆ, ಅದರೊಳಗೆ ಕರಿ ಸಾಸಿವೆಯಂಥ ಚುಕ್ಕಿಗಳು. ಬಂದ ನೆಂಟ ಮನೆಯೊಡೆಯನನ್ನೇ ಮೂಲೆಗೆ ತಳ್ಳಿ ಕಾಲು ಚಾಚಿ ಮಲಗಿದ್ದಾನೆ! ದೊಡ್ಡಮ್ಮನಿಗೆ ಮೈಯೆಲ್ಲ ಜುಮ್ಮೆಂದಿತು. ಕರಾರು, ಮೇಡಂ, ‘ನೀವು’ ಎಲ್ಲ ಮರೆತುಹೋಯಿತು.

“ಪುಟ್ಟೀ, ಬಾರೇ ಇಲ್ಲಿ!”

ಮೇಡಂ ಬಂದಳು, ಹಿಂದೆ ಯಜಮಾನನೂ ಬಂದ. ಮೇಡಂ ಉಸಿರು ಬಿಗಿಹಿಡಿದು ನೋಡಿದಳು. ಯಜಮಾನ ನೋಡಿ, ಬಣ್ಣದ ಕಸ ಇರಬೇಕು, ಇದೇ ಹಕ್ಕಿಗೆ ಯಂತ್ರ ಇಲ್ಲ ಅಂದಿದೆ, ಆರು ಪಟ್ಟಿಗೆ ಸೇರಿ ಒಂದೇ ಕಣವೇ ಎಂದು ರಾಗ ಎಳೆದ. ಕಸವಾದರೆ ಕಣದ ಮೇಲೆ ತೇಲುತ್ತದೆ, ಸೂಕ್ಷ್ಮದರ್ಶಕವನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ಮಾಡಿದರೆ ಬೇರೆಯಾಗಿ ಕಾಣುತ್ತದೆ, ಇದು ಕಣದ ಒಳಗೇ ಇದೆ ಎಂದರು ದೊಡ್ಡಮ್ಮ. ಅವನೇನೂ ಕೆಟ್ಟವನಲ್ಲ. ಆದರೆ ಬಾಯಿ ತಡೆಯಲಿಲ್ಲ, ನೂರಕ್ಕೆ ನೂರೋ ಎಂದು ಕೇಳಿಯೇಬಿಟ್ಟ.

ದೊಡ್ಡಮ್ಮ ಪಟ್ಟಿಯ ಕಡೆ ತಿರುಗಿದರು. ಮೊದಲ ದಿನವೂ ಇಷ್ಟೇ ಖಚಿತವಾಗಿ ಕೂಗಿದ್ದರಲ್ಲವೇ? ಇವತ್ತೂ ತಪ್ಪಿದರೆ ನಗೆಪಾಟಲಾಗುವುದು ತಾವೊಬ್ಬರೇ ಅಲ್ಲ. ಮಗಳ ಹೆಸರು ಮಣ್ಣುಪಾಲಾಗುತ್ತದೆ, ನಿಜವಾದ ಅಂಟುರೋಗ ಊರಿಗೆ ಹಬ್ಬುತ್ತದೆ. ಸುಮ್ಮನಿದ್ದರೆ? ಎಂಟು ಜೀವ. ಮೇಡಂ ಇಬ್ಬರ ಮುಖವನ್ನೂ ನೋಡಿ ಕಿಟಕಿಯ ಹತ್ತಿರ ಹೋಗಿ ನಿಂತಳು.

ಕೈಯ ಬೆವರಿಗೆ ರಬ್ಬರ್ ಕೈಗವಸು ಅಂಟಿಕೊಂಡಿತ್ತು. ಅದನ್ನು ಕಿತ್ತು ಬಿಸಾಡಲು ದೊಡ್ಡಮ್ಮ ಯಂತ್ರದ ಕೋಣೆಯ ಕಸದ ಡಬ್ಬಿಯ ಕಾಲುಪಟ್ಟಿ ಒತ್ತಿದರು. ಮುಚ್ಚಳ ತೆರೆಯಿತು. ಒಳಗೆ ಬೆಳಗಿನ ರಕ್ತದ ಕೊಳವೆಗಳು. ಯಜಮಾನ ಎಂದಿನಂತೆ ರಕ್ತವನ್ನು ಪುಟ್ಟ ಸೀಸೆಗಳಿಗೆ ಬಗ್ಗಿಸಿಕೊಂಡು ಕೊಳವೆಗಳನ್ನು ಎಸೆದಿದ್ದ. ಎಂಟಕ್ಕೆ ಎಂಟೂ ಹಸಿರು ಮುಚ್ಚಳದವು.

ದೊಡ್ಡಮ್ಮ ಕೈಗವಸು ಬಿಸಾಡುವುದನ್ನೇ ಮರೆತು ನಿಂತರು. ಆಸ್ಪತ್ರೆಯಲ್ಲಿ ಪಕ್ಕದ ಕೋಣೆಯಲ್ಲೂ ಇಂಥದೇ ಯಂತ್ರವಿತ್ತು. ಹೊಸ ನರ್ಸುಗಳು ಅಲ್ಲಿಗೆ ಹಸಿರು ಮುಚ್ಚಳದ ಕೊಳವೆ ಕಳಿಸಿದರೆ ಒಳಗಿನವರು ಬೈದು ವಾಪಸ್ ಕಳಿಸುತ್ತಿದ್ದರು. ಹೆಪ್ಪುಗಟ್ಟದಿರಲೆಂದು ಹಸಿರು ಮುಚ್ಚಳದಲ್ಲಿ ಹಾಕಿರುವ ಹೆಪಾರಿನ್ ಎಂಬ ಔಷಧ ಯಂತ್ರದ ಬಾಯಿ ಕಟ್ಟುತ್ತದೆ. ರೋಗವಿದ್ದರೂ ಅದು ‘ಇಲ್ಲ’ ಎನ್ನುತ್ತದೆ. ಯಂತ್ರಕ್ಕೆ ನೇರಳೆ ಮುಚ್ಚಳವೇ ಬೇಕು. ಮೃಗಾಲಯದವರು ತಮ್ಮ ದಿನದ ರೂಢಿಯಂತೆ ಹಕ್ಕಿಯ ರಕ್ತವನ್ನು ಹಸಿರಿಗೆ ಹಾಕಿದ್ದಾರೆ, ಈ ಪ್ರಯೋಗಾಲಯಕ್ಕೆ ನೇರಳೆ ಬಿಟ್ಟು ಬೇರೆ ಬಂದದ್ದೇ ಇಲ್ಲವಾದ್ದರಿಂದ ಇಲ್ಲಿ ಯಾರೂ ಮುಚ್ಚಳ ನೋಡಿಲ್ಲ. ರೋಗದ ಗುಬ್ಬಿಯ ರಕ್ತ ನೇರಳೆಯದು, ಅದಕ್ಕೇ ಅದೊಂದಕ್ಕೆ ಹೌದು ಎಂದು ಬಂದಿದೆ!

ಒಂದು ಹಸಿರು ಮುಚ್ಚಳವನ್ನು ಎತ್ತಿಕೊಂಡು ಬಂದು ಯಜಮಾನನ ಮುಂದೆ ಇಟ್ಟರು. ಅವನು ಅದನ್ನು ನೋಡಿದ, ಇವರನ್ನು ನೋಡಿದ, ಮುಖದ ನೀರಿಳಿಯಿತು. ಫೋನಿಗೆ ಕೈಹಾಕಿ, ನೇರಳೆ ಮುಚ್ಚಳದಲ್ಲಿ ಹೊಸ ರಕ್ತ ಬೇಕು, ಈಗಲೇ ಬೇಕು ಎಂದು ಮೃಗಾಲಯಕ್ಕೆ ಹೇಳಿದ. ರಕ್ತ ಬಂದು ತಲುಪಿದಾಗ ನಾಲ್ಕೂ ಕಾಲು. ಯಂತ್ರಕ್ಕೆ ಹೆಚ್ಚುಕಡಿಮೆ ಎರಡು ಗಂಟೆ ಬೇಕು. ವರದಿಗೆ ಉಳಿದಿದ್ದದ್ದು ಮುಕ್ಕಾಲು ಗಂಟೆ.

ಮೇಡಂ ದೊಡ್ಡಮ್ಮನ ಹತ್ತಿರ ಬಂದಳು. ಕರಾರನ್ನು ಅವಳೂ ಮುರಿದಳು.

“ದೊಡ್ಡಮ್ಮ, ಯಂತ್ರ ಬಿಡು. ನೀನು ಕಂಡಿದ್ದು ಅದೇನಾ?”

ದೊಡ್ಡಮ್ಮ ಸೂಕ್ಷ್ಮದರ್ಶಕದ ಹತ್ತಿರ ಹೋದರು. ಮತ್ತೆ ಕುರ್ಚಿಗೆ ಕೂತು, ಮತ್ತೆ ಆ ಕಣವನ್ನು ನೋಡಿ, ಕನ್ನಡಕ ತೆಗೆದರು.

“ಅದೇ ಕಣೇ.”

ಮೇಡಂ ತಲೆಯಾಡಿಸಿ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗೆ ಫೋನಿನಲ್ಲಿ ಮಾತಾಡುವ ಸದ್ದು. ಅಧಿಕಾರಿಗಳ ಹತ್ತಿರ ಗಡುವು ಕೇಳುತ್ತಿದ್ದಾಳೆ, ಪಾಪ, ಎಂದುಕೊಂಡರು ದೊಡ್ಡಮ್ಮ. ಹಾಗಾದರೂ ಕೇಳಲಿ, ಯಂತ್ರ ಬಾಯಿ ಬಿಡುವ ತನಕ ಕಾಯಲಿ.

ಅಬ್ಬಾ, ಆ ಎರಡು ಗಂಟೆ! ಯಜಮಾನ ಯಂತ್ರದ ಮುಂದೆ ತುದಿಗಾಲಲ್ಲಿ ನಿಂತಿದ್ದ. ದೊಡ್ಡಮ್ಮ ಪಡಸಾಲೆಯ ಆ ತುದಿಯಿಂದ ಈ ತುದಿಗೆ ಎಷ್ಟು ಸಲ ನಡೆದರೋ ಲೆಕ್ಕವಿಲ್ಲ. ಐದಾಯಿತು, ಆರಾಯಿತು, ಮೇಡಂ ಕೋಣೆಯ ಬಾಗಿಲು ತೆರೆಯಲಿಲ್ಲ. ಆರೂ ಹತ್ತಕ್ಕೆ ಪರದೆಯ ಮೇಲೆ ಒಂದು ಗೆರೆ ಸರ್ರನೆ ಮೇಲೆದ್ದಿತು, ಆಮೇಲೆ ಇನ್ನೊಂದು, ಮತ್ತೊಂದು. ಎಂಟರಲ್ಲಿ ಐದಕ್ಕೆ ಹೌದು! ಯಜಮಾನ ಮಗುವಿನ ಹಾಗೆ ಕುಣಿದ, ದೊಡ್ಡಮ್ಮನ ಎರಡೂ ಕೈ ಹಿಡಿದು ಗಿರ್ರನೆ ತಿರುಗಿಸಿದ. ಸೊಂಟ ಉಳುಕೀತು, ಬಿಡೋ ಎಂದು ಬೈಯುತ್ತಲೇ ಅವರೂ ಒಂದು ಸುತ್ತು ಹೆಚ್ಚೇ ತಿರುಗಿದರು.

ಮಾರನೆಯ ದಿನ ಬೆಳಿಗ್ಗೆ ಮೃಗಾಲಯದ ಡಾಕ್ಟರು ಒಂದು ಗಾಜಿನ ಜಾಡಿ ಹಿಡಿದು ಬಂದರು. ಜಾಡಿಯ ನೀರಲ್ಲಿ ಸೊಳ್ಳೆಯ ಮರಿಹುಳುಗಳು ಪುಳಪುಳನೆ ಓಡಾಡುತ್ತಿದ್ದವು. ಪೆಂಗ್ವಿನ್ ಮನೆಗೆ ತಂಪು ಕೊಡುವ ಯಂತ್ರದ ಕೆಳಗಿನ ತಟ್ಟೆಯಲ್ಲಿ ನಿಂತ ನೀರಿನವಂತೆ. ತಟ್ಟೆಯ ಪಕ್ಕದ ಗೋಡೆಯಲ್ಲೇ ಗುಬ್ಬಿಗಳ ಗೂಡುಗಳಂತೆ. ತಟ್ಟೆ ಬರಿದು ಮಾಡಿ, ಕಿಟಕಿಗಳಿಗೆ ಬಲೆ ಹೊಡೆಸಿ ಬಂದಿದ್ದರು. ಎದ್ದು ನಿಲ್ಲಲಾರದ ಹಕ್ಕಿ ಇವತ್ತು ನಿಂತಿದೆ, ಒಂದು ಮೀನನ್ನೂ ನುಂಗಿದೆ ಎಂದು ಹೇಳಿದರು. ಫೋನಿನಲ್ಲಿ ಯಜಮಾನ ಹೇಳಿದ ಆ ನೂರಕ್ಕೆ ನೂರು ಯಾರು, ತೋರಿಸಿ ಎಂದು ಕೇಳಿದರು. ಯಜಮಾನ ನಾಚಿ, ಆ ಹೆಸರು ಈಗಿಲ್ಲ, ಇವರು ನಮ್ಮ ಮೇಡಂ ಎಂದು ದೊಡ್ಡಮ್ಮನನ್ನು ತೋರಿಸಿದ.

ಡಾಕ್ಟರು ಹೊರಡುವಾಗ ಬಾಗಿಲಲ್ಲಿ ನಿಂತು, ಐದರೊಳಗೆ ವರದಿ ಬಂದಿದ್ದೇ ಪುಣ್ಯ, ನಾಲ್ಕೂ ನಲವತ್ತಕ್ಕೆ ಕೈ ಸೇರಿತು, ಅಧಿಕಾರಿಗಳು ಕೊಲ್ಲುವ ಮಾತು ಬಿಟ್ಟರು, ಐದಕ್ಕೆ ಮೊದಲ ಗುಳಿಗೆ ಒಳಗಿತ್ತು, ಒಂದು ಗಂಟೆ ತಡವಾಗಿದ್ದರೆ ಆ ಹಕ್ಕಿ ಉಳಿಯುತ್ತಿರಲಿಲ್ಲ ಎಂದರು.

ದೊಡ್ಡಮ್ಮ ಗಡಿಯಾರ ನೋಡಿದರು, ಯಂತ್ರ ನೋಡಿದರು. ಯಂತ್ರ ಹೌದು ಅಂದದ್ದು ಆರೂ ಹತ್ತಕ್ಕೆ. ನಾಲ್ಕೂ ನಲವತ್ತಕ್ಕೆ ಈ ಪ್ರಯೋಗಾಲಯದಲ್ಲಿ ಹೌದು ಅಂದಿದ್ದವರು ಒಬ್ಬರೇ. ಮೆಲ್ಲಗೆ ಮೇಡಂ ಕೋಣೆಗೆ ಹೋಗಿ ನಿಂತು, ಗಡುವು ಕೇಳಿರಲಿಲ್ಲವೇನೇ ಎಂದರು.

ಅವಳು ಕಾಗದದಿಂದ ತಲೆಯೆತ್ತಲಿಲ್ಲ.

“ಯಾಕೆ ಕೇಳ್ಬೇಕಿತ್ತು ದೊಡ್ಡಮ್ಮ? ನೀನು ಅದೇ ಅಂದ್ಯಲ್ಲ.”

ದೊಡ್ಡಮ್ಮನಿಗೆ ಅಳು ಒತ್ತರಿಸಿಕೊಂಡು ಬಂತು. ಸೆರಗಿನ ತುದಿಯಿಂದ ಕನ್ನಡಕವನ್ನು ಚೆನ್ನಾಗಿ ಒರೆಸಿಕೊಂಡು, ತಮ್ಮ ಮೇಜಿಗೆ ವಾಪಸಾಗಿ, ಏಳನೆಯ ಪಟ್ಟಿಯನ್ನು ಎಳೆದುಕೊಂಡರು.