ಈಬತ್ತಿ ಹಚ್ಚಿದ ಫ್ಲಾಪಿ

ಬಸವಪ್ರಭು ಮನೆಯ ಕಂಪ್ಯೂಟರಿನ ವಿಷಯದಲ್ಲಿ ಮೀನಮೇಷ ಎಣಿಸತೊಡಗಿ ಎಂಟು ತಿಂಗಳಾಗಿತ್ತು. ಅಷ್ಟರಲ್ಲಿ ಕೇಶ್ವಾಪುರದ ಅವರ ಓಣಿಯಲ್ಲಿ ಎರಡು ಮದುವೆ ಕೂಡಿ, ನಿಶ್ಚಯವಾಗಿ, ಮುಗಿದೂ ಹೋಗಿದ್ದವು. ಇವನ ಯಂತ್ರ ಮಾತ್ರ ಇನ್ನೂ ವಿಂಡೋಸ್ ತೊಂಬತ್ತೆಂಟರಲ್ಲೇ ಕೂತಿತ್ತು. ಇಸವಿ ಎರಡು ಸಾವಿರದ ನಾಲ್ಕು.

ಹೊಸ ವಿಂಡೋಸ್ ಎಕ್ಸ್‌ಪಿ ಬೇಕೆಂದು ಮೊದಲು ಕೇಳಿದವಳು ಹೆಂಡತಿ ಸೌಮ್ಯಾ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಪ್ರಶ್ನೆಪತ್ರಿಕೆಯನ್ನು ಪೆನ್‌ಡ್ರೈವಿನಲ್ಲಿ ತಂದು ಚುಚ್ಚಿದರೆ ಮನೆಯ ಕಂಪ್ಯೂಟರ್ ಅದರ ಗುರುತೇ ಹಿಡಿಯುತ್ತಿರಲಿಲ್ಲ.

"ಸಾಲ್ಯಾಗ ಎಲ್ಲಾರ ಮನ್ಯಾಗೂ ಎಕ್ಸ್‌ಪಿ ಐತ್ರಿ. ನಮ್ಮನ್ಯಾಗಷ್ಟ ಈ ಮುದಿ ಎತ್ತು."

"ಈ ಮಷೀನಿಗೆ ಭಾರ ಆಕ್ಕೈತಿ. ಮೆಮರಿ ಸಾಲಂಗಿಲ್ಲ," ಎಂದ ಬಸವಪ್ರಭು.

ಅವಳು ಸುಮ್ಮನಿರುವ ಪೈಕಿ ಅಲ್ಲ. ದುರ್ಗದಬೈಲಿನ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಹನಮೇಶನನ್ನು ಕರೆಸಿ ಮೆಮರಿಯನ್ನೂ ಹಾಕಿಸಿಬಿಟ್ಟಳು. ನೆವ ಒಂದು ಕಡಿಮೆಯಾಯಿತು. ಆಮೇಲೆ ಇವನು ಪ್ರಿಂಟರ್ ಕೈಕೊಡುತ್ತದೆ ಎಂದ, ಕನ್ನಡದ ಅಕ್ಷರ ಮೂಡುವುದಿಲ್ಲ ಎಂದ, ಶ್ರಾವಣ ಮುಗಿಯಲಿ ಎಂದ. ಕುಣಿಯಲಾರದವಳಿಗೆ ಅಂಗಳ ಡೊಂಕು.

ಸೌಮ್ಯಾ ಒಬ್ಬಳೇ ಆಗಿದ್ದರೆ ಹೇಗೋ ನಿಭಾಯಿಸುತ್ತಿದ್ದನೇನೋ. ಆದರೆ ಒಂದು ಬೆಳಿಗ್ಗೆ ತಾಯಿ ಶರಣವ್ವ ಚಹಾದ ಕಪ್ಪು ತಂದಿಟ್ಟು ಅಲ್ಲೇ ನಿಂತರು.

"ಹೊಸಾದು ಹಾಕಿದ್ರ, ಹಳೇದಕ್ಕ ಗುರ್ತು ಸಿಗಲಾರದ್ದು ಅದಕ್ಕ ಸಿಗತೈತಂತ, ಖರೇ ಏನು? ಸೌಮ್ಯಾ ಹೇಳಿದ್ಲು."

"ಹೂಂ. ಒಂದೊಂದು ಸಿಗತಾವು."

"ಹಂಗಾರ ನಿಮ್ಮಪ್ಪಾರ ಫ್ಲಾಪಿ ಹಾಕಿ ನೋಡೂಣೇನಪಾ? ನಾ ಇನ್ನೂ ಇಟ್ಟೇನಿ."

ಬಸವಪ್ರಭು ಚಹಾದ ಕಪ್ಪು ಕೆಳಗಿಟ್ಟ. ಐದು ವರ್ಷದಿಂದ ಅವನು ಹೆದರಿದ್ದು ಇದೇ ಮಾತಿಗೆ.

ಅವನ ತಂದೆ ಶಾಂತಯ್ಯ ಹತ್ತಿಯ ದಲಾಲಿ ಅಂಗಡಿಯೊಂದರಲ್ಲಿ ನಲವತ್ತು ವರ್ಷ ಲೆಕ್ಕ ಬರೆಯುವ ದಿವಾನಜಿಯಾಗಿದ್ದವರು. ಕೆಲಸ ಬಿಟ್ಟ ಮೇಲೆ, ತಾವು ಕಂಡ ಪೇಟೆಯನ್ನೆಲ್ಲ ಬರೆದಿಡಬೇಕೆಂದು ಹಟ ತೊಟ್ಟು, ಮಗ ತಂದ ಕಂಪ್ಯೂಟರಿನ ಮುಂದೆ ಕೂತು ಒಂದೇ ಬೆರಳಿನಲ್ಲಿ ಕನ್ನಡ ಒತ್ತುವುದನ್ನು ಕಲಿತರು. ಹಿಡಿ ಹತ್ತಿ ಹಿರಿದು ಕಣ್ಣು ಮುಚ್ಚಿಕೊಂಡೇ ಅದು ಯಾವ ಊರಿನ ಬೆಳೆ ಎಂದು ಹೇಳುತ್ತಿದ್ದ ನೀಲಪ್ಪ, ಚಹಾ ಕುಡಿಯುವವರೆಗೆ ಯಾರೊಡನೆಯೂ ಮಾತಾಡದ ಹಮಾಲ ಶರೀಫಸಾಬ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಅಧ್ಯಾಯ. ಎರಡು ವರ್ಷದಲ್ಲಿ ಮೂವತ್ತೆಂಟಾದವು. ಕೊನೆಯದನ್ನು ಮುಗಿಸಿದ ದಿನ ಹೆಂಡತಿಯನ್ನು ಕರೆದು, "ಇದು ನಿಂದು. ಎಲ್ಲಾ ತಿದ್ದಿದ ಮ್ಯಾಲೆ ಓದಿ ಹೇಳತೇನಿ," ಎಂದಿದ್ದರು. ಶರಣವ್ವನಿಗೆ ಓದು ಬರುತ್ತಿರಲಿಲ್ಲ. "ನಂದೇನ್ ಬರೀತಾರಪಾ," ಎಂದು ನಾಚಿಕೊಂಡು ಒಳಗೆ ಹೋಗಿದ್ದರು.

ತೊಂಬತ್ತೊಂಬತ್ತರಲ್ಲಿ ಬಸವಪ್ರಭುವಿಗೆ ಹುರುಪು ಬಂತು. ಅವನು ಸಹಕಾರಿ ಬ್ಯಾಂಕೊಂದರಲ್ಲಿ ಗುಮಾಸ್ತ. ಮೂರು ವಾರದ ಕಂಪ್ಯೂಟರ್ ತರಬೇತಿಗೆ ಹೋಗಿ ಬಂದವನು. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ಬ್ಯಾಂಕಿನಲ್ಲೂ ಮನೆಯಲ್ಲೂ ಅವನೇ ಪಂಡಿತ. ಆಗ ಇದ್ದದ್ದು ವಿಂಡೋಸ್ ತೊಂಬತ್ತೈದು. ಅದನ್ನು ಪೂರ್ತಿ ಅಳಿಸಿ ತೊಂಬತ್ತೆಂಟು ಹಾಕುತ್ತೇನೆಂದು ಹೊರಟ. ಅಳಿಸುವ ಮುಂಚೆ ಅಪ್ಪನ ಬರಹವನ್ನು ಕಾಪಿ ಮಾಡಿಕೊಳ್ಳಬೇಕಲ್ಲ? ನಾಲ್ಕು ಫ್ಲಾಪಿ ತಂದ. ಅಪ್ಪನಿಗೆ ಸುಲಭವಾಗಲೆಂದು ತಾನೇ ಪರದೆಯ ಮೇಲೆ ಸಾಲಾಗಿ ಇಟ್ಟುಕೊಟ್ಟಿದ್ದ, ಒತ್ತಿದರೆ ಒಂದೊಂದು ಅಧ್ಯಾಯ ತೆರೆಯುವ ಮೂವತ್ತೆಂಟು ಪುಟ್ಟ ಚಿತ್ರಗಳನ್ನು ಎಳೆದು ಹಾಕಿದ. ಕ್ಷಣದಲ್ಲಿ ಮುಗಿಯಿತು, ಒಂದೇ ಫ್ಲಾಪಿ ಸಾಕಾಯಿತು. ಇಷ್ಟು ಬರಹ ಇಷ್ಟರಲ್ಲೇ ಹೇಗೆ ಹಿಡಿಯಿತು ಎಂದು ಕೇಳಿಕೊಳ್ಳುವ ಬದಲು, ಲಗೂ ಮುಗಿಯಿತೆಂದು ಹಿಗ್ಗಿದ.

ಅವು ಬರೀ ಶಾರ್ಟ್‌ಕಟ್‌ಗಳು. ಮನೆಯ ವಿಳಾಸ ಬರೆದ ಚೀಟಿ ಇದ್ದಂತೆ, ಮನೆ ಅಲ್ಲ.

ಫ್ಲಾಪಿಯನ್ನು ಶಾಂತಯ್ಯ ದೇವರ ಜಗಲಿಯ ಮೇಲೆ ಇಡಿಸಿದರು. ಮನೆಯಲ್ಲಿ ಅದಕ್ಕಿಂತ ಭದ್ರವಾದ ಜಾಗ ಅವರಿಗೆ ತೋಚಲಿಲ್ಲ. ನಡುವೆ ದಸರೆಯ ಖಂಡೇ ಪೂಜೆ, ಅಂದರೆ ಆಯುಧಪೂಜೆ, ಬಂತು. ಶರಣವ್ವ ಈಳಿಗೆಗೆ, ಸ್ಕೂಟರಿಗೆ, ಕಂಪ್ಯೂಟರಿಗೆ ವಿಭೂತಿ, ಅವರ ಮಾತಿನಲ್ಲಿ ಈಬತ್ತಿ, ಹಚ್ಚಿದರು. ಗಂಡನ ಎರಡು ವರ್ಷದ ದುಡಿಮೆ ಇದರಲ್ಲಿದೆ ಎಂದು ಫ್ಲಾಪಿಗೂ ಮೂರು ಬೆರಳು ಎಳೆದರು, ತುಸು ಹೆಚ್ಚೇ ಭಕ್ತಿಯಿಂದ.

ಬಸವಪ್ರಭು ಎಲ್ಲ ಅಳಿಸಿ, ಹೊಸದನ್ನು ಹಾಕಿ, ಫ್ಲಾಪಿ ತೂರಿಸಿದ. ಮೂವತ್ತೆಂಟು ಚಿತ್ರಗಳೂ ಬಂದವು. ಒಂದೂ ತೆರೆಯಲಿಲ್ಲ. ಚಿತ್ರಗಳ ಮೂಲೆಯಲ್ಲಿದ್ದ ಸಣ್ಣ ಬಾಣ, ಶಾರ್ಟ್‌ಕಟ್ಟಿನ ಗುರುತು, ಆಗ ಕಣ್ಣಿಗೆ ಬಿತ್ತು. ಬೆನ್ನ ಹಿಂದೆ ಅಪ್ಪ ನಿಂತಿದ್ದರು.

ಬಾಗಿಲಲ್ಲಿದ್ದ ಶರಣವ್ವನೇ ಮೊದಲು ಮಾತಾಡಿದ್ದು. "ನಾ ಅದಕ್ಕ ಈಬತ್ತಿ ಹಚ್ಚಿದ್ನೆಪಾ. ಅದರಿಂದೇನರ ಆತೇನು?"

"ಬೂದಿ ಒಳಗ ಹೋದ್ರ ಫ್ಲಾಪಿ ಕೆಡತಾವ," ಎಂದ ಬಸವಪ್ರಭು.

ಸುಳ್ಳು ಹೇಳಲಿಲ್ಲವೆಂದು ಅವನು ವಾದಿಸಬಹುದು. ವಾದಿಸಲಿ. ಬೂದಿ ಹೋದರೆ ಕೆಡುವುದು ನಿಜವೇ. ಆದರೆ ಶಾಂತಯ್ಯ ಹೆಂಡತಿಯ ಕಡೆ ತಿರುಗಿ, "ನಿನ್ನ ಭಕ್ತಿ ನನ್ನ ಎರಡು ವರ್ಷ ನುಂಗಿತು ನೋಡು," ಎಂದಾಗ ಅವನು ಬಾಯಿ ಬಿಡಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡ. ಶಾಂತಯ್ಯ ಮತ್ತೆ ಕಂಪ್ಯೂಟರಿನ ಮುಂದೆ ಕೂಡಲೇ ಇಲ್ಲ. ಎರಡು ವರ್ಷಕ್ಕೆ ಲಿಂಗೈಕ್ಯರಾದರು. ಆ ನಾಳೆ ಅವರ ಪಾಲಿಗೆ ಬರಲೇ ಇಲ್ಲ.

ಆಮೇಲಿನ ಖಂಡೇ ಪೂಜೆಗಳಲ್ಲಿ ಶರಣವ್ವ ಕಂಪ್ಯೂಟರಿನ ಕೋಣೆಯ ಹೊಸ್ತಿಲು ದಾಟುತ್ತಿರಲಿಲ್ಲ. ಹೊರಗಿನಿಂದಲೇ ಕೈಮುಗಿದು, "ಸೌಮ್ಯಾ, ನೀನ ಹಚ್ಚವಾ," ಎನ್ನುತ್ತಿದ್ದರು. ಬಸವಪ್ರಭು ಅದನ್ನು ನೋಡುತ್ತಿದ್ದ, ಪ್ರತಿ ವರ್ಷವೂ. ಮತ್ತು ಪ್ರತಿ ವರ್ಷವೂ ಪೂಜೆಯ ಹೋಳಿಗೆ ಅವನ ಬಾಯಿಗೆ ಮಣ್ಣಾಗುತ್ತಿತ್ತು.

ಈಗ ಈ ಎಕ್ಸ್‌ಪಿ. ಹಾಕಿಸಿದರೆ ಅವ್ವ ಫ್ಲಾಪಿ ತರುತ್ತಾಳೆ, ಹನಮೇಶ ನೋಡುತ್ತಾನೆ, ಇದರಲ್ಲಿ ಏನೂ ಇರಲೇ ಇಲ್ಲವೆಂದು ಒಂದೇ ನಿಮಿಷದಲ್ಲಿ ಹೇಳುತ್ತಾನೆ. ಹಾಕಿಸದಿದ್ದರೆ ಅವ್ವ ಹೀಗೇ ಕಾಯುತ್ತಾಳೆ, ತನ್ನ ಅಧ್ಯಾಯ ಅದರೊಳಗಿದೆ ಎಂದು. ನಿಜ ಹೇಳಿದರೆ ಅವಳ ತಪ್ಪು ಹೋಗುತ್ತದೆ, ಅವಳ ಆಸೆಯೂ ಹೋಗುತ್ತದೆ. ಇಷ್ಟೆಲ್ಲ ಯೋಚಿಸಿದ ಬಸವಪ್ರಭು ತನ್ನ ಮಾನ ಹೋಗುವುದನ್ನು ಮಾತ್ರ ಲೆಕ್ಕಕ್ಕೆ ಹಿಡಿದಿಲ್ಲವೆಂದು ತನಗೆ ತಾನೇ ಹೇಳಿಕೊಂಡ. ಅದನ್ನು ಅವನೇ ನಂಬಲಿಲ್ಲ.

ದಸರೆಯ ದಶಮಿ ಒಳ್ಳೆಯ ದಿನವೆಂದು ಸೌಮ್ಯಾ ಹನಮೇಶನಿಗೆ ಹೇಳಿಯೇಬಿಟ್ಟಳು. ಮಧ್ಯಾಹ್ನ ಅವನು ಸಿಡಿ ಹಿಡಿದು ಬಂದ. ಕುರ್ಚಿ ಎಳೆದುಕೊಂಡು ಕೇಳಿದ:

"ಸರ, ಏನೇನು ತಗದಿಟ್ಟಕೋಬೇಕು ಹೇಳಿಬಿಡ್ರಿ. ಒಮ್ಮೆ ಅಳಿಸಿದ್ರ ತಿರಗಿ ಬರಂಗಿಲ್ಲ."

ಅಷ್ಟರಲ್ಲಿ ಶರಣವ್ವ ಬಂದರು. ಕೈಯಲ್ಲಿ ಕುಪ್ಪಸದ ಖಣದ ತುಂಡಿನ ಗಂಟು. ಐದು ವರ್ಷದ ಮೇಲೆ ಮೊದಲ ಸಲ ಹೊಸ್ತಿಲು ದಾಟಿ ಒಳಗೆ ಬಂದು ಗಂಟು ಬಿಚ್ಚಿದರು. ಕಪ್ಪು ಫ್ಲಾಪಿಯ ಮೇಲೆ ಬೆಳ್ಳಗೆ ಮೂರು ಗೆರೆ, ಅರ್ಧ ಅಳಿಸಿದ್ದವು.

"ತಮ್ಮಾ, ಇದನ್ನೊಂದು ಹಾಕಿ ನೋಡಪಾ. ನನ್ನ ಕೈಲೆ ಕೆಟ್ಟೈತಿ. ಹೊಸಾದಕ್ಕರ ಓದಾಕ ಬರತೈತೇನು ನೋಡು."

ಹನಮೇಶ ಕೈ ಚಾಚಿದ.

"ಕೊಡಬ್ಯಾಡವ್ವಾ," ಎಂದ ಬಸವಪ್ರಭು. ದನಿ ಅವನಿಗೇ ಬೇರೆಯವರದ್ದೆನಿಸಿತು. "ಅದು ನಿನ್ನ ಕೈಲೆ ಕೆಟ್ಟಿಲ್ಲ. ಅದು ಕೆಟ್ಟೇ ಇಲ್ಲ. ಅದರಾಗ ಮೊದಲಿಂದ ಏನೂ ಇರಲಿಲ್ಲ. ನಾನ ತಪ್ಪು ಕಾಪಿ ಮಾಡಿದೆ. ವಿಳಾಸದ ಚೀಟಿ ಅಷ್ಟ ತಗೊಂಡು ಮನೀನ ಅಳಿಸಿಬಿಟ್ಟೆ."

ಶರಣವ್ವ ಅವನನ್ನೇ ನೋಡಿದರು. "ಯಾವಾಗ ಗೊತ್ತಾತು ನಿನಗ?"

"ಅವತ್ತ."

"ನಿಮ್ಮಪ್ಪಾರಿಗೆ ಹೇಳಿದ್ಯೇನು?"

ಬಸವಪ್ರಭು ತಲೆಯಾಡಿಸಿದ, ಇಲ್ಲವೆಂದು. ಸೌಮ್ಯಾ ಬಾಗಿಲಲ್ಲಿ ನಿಂತಲ್ಲೇ ನಿಂತಿದ್ದಳು. ಹನಮೇಶ ಸಿಡಿಯನ್ನು ಅಂಗಿಯ ತುದಿಯಿಂದ ಒರೆಸುತ್ತ ಕೂತ.

"ನಂದೊಂದು ಬರದಿದ್ರಲ್ಲ," ಎಂದರು ಶರಣವ್ವ.

"ಅದೂ ಇಲ್ಲವ್ವಾ."

ಅವರು ಫ್ಲಾಪಿಯನ್ನು ಮೇಜಿನ ಮೇಲಿಟ್ಟರು. ಖಣದ ತುಂಡನ್ನು ಮಾತ್ರ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಹಾಕಪಾ ತಮ್ಮಾ ನಿಂದು. ಇನ್ನ ಅದರಾಗ ಕಾಯೂದೇನೈತಿ," ಎಂದು ಹನಮೇಶನಿಗೆ ಹೇಳಿ ಪಡಸಾಲೆಗೆ ನಡೆದರು.

ಬಸವಪ್ರಭು ಹಿಂದೆಯೇ ಹೋದ. ಕಾಲಿಗೆ ಬೀಳಬೇಕೆಂದು ಹೋದವನು ನಡುವೆಯೇ ನಿಂತ. ಶರಣವ್ವ ಜಗಲಿಯಿಂದ ಈಬತ್ತಿ ತೆಗೆದುಕೊಂಡು, ಸ್ಟೂಲು ಎಳೆದು, ಗಂಡನ ಫೋಟೋದ ಮುಂದೆ ಹತ್ತಿ ನಿಂತಿದ್ದರು. ಮೂರು ವರ್ಷದಿಂದ ಆ ಫೋಟೋಕ್ಕೆ ದಿನಾ ಈಬತ್ತಿ ಹಚ್ಚುವವಳು ಸೌಮ್ಯಾ. ಅವ್ವನ ಕೈ ಎಟುಕುವುದಿಲ್ಲ, ಅದಕ್ಕೆ ಎಂದು ಅವನು ತಿಳಿದಿದ್ದ. ಹಾಗಲ್ಲವೆಂದು ಈಗ ತಿಳಿಯಿತು.

ಶರಣವ್ವ ಮೂರು ಬೆರಳು ಗಾಜಿನ ಮೇಲೆ ಎಳೆದರು, ನಿಧಾನವಾಗಿ, ಆ ಕೊನೆಯಿಂದ ಈ ಕೊನೆಗೆ.

"ಕೇಳಿದ್ರೇನ್ರಿ?" ಎಂದರು ಫೋಟೋಕ್ಕೆ. "ನಾ ಅಲ್ರಿ ಅದು."