ಸೋಸಿದ ಗಾಳಿ

ಗೋಕಾಕದ ಘಾಟಿ ಬಂತೆಂದರೆ ನಮ್ಮ ಗಾಡಿಯಿಂದ ಮೊದಲು ಇಳಿಯಬೇಕಾದವಳು ನಾನು. ಮನೆಯಲ್ಲಿ ನಾನೇ ದಪ್ಪ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ಆದರೆ ಘಾಟಿಯ ಬುಡಕ್ಕೆ ಬಂದ ಕೂಡಲೆ ನನ್ನ ಗಂಡ ಆದಿನಾಥ ಹಿಂದಕ್ಕೆ ತಿರುಗಿ ನನ್ನ ಕಡೆಗೇ ನೋಡುತ್ತಿದ್ದರು. ನಾನು ಇಳಿಯುತ್ತಿದ್ದೆ. ನನ್ನ ಹಿಂದೆ ನಾದಿನಿ, ಮಕ್ಕಳು. ಅತ್ತೆ ಪದ್ಮವ್ವ ಒಬ್ಬರೇ ಒಳಗೆ ಕುಳಿತಿರುತ್ತಿದ್ದರು. ಗಾಡಿ ಕೆಮ್ಮುತ್ತ ಮೇಲೆ ಹೋಗುತ್ತಿತ್ತು, ನಾವು ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದೆ ನಡೆಯುತ್ತಿದ್ದೆವು. ದಾರಿಯಲ್ಲಿ ಚಕ್ಕಡಿಯವರು ಸಿಕ್ಕರೆ ಸುಮ್ಮನೆ ಹೋಗುವವರಲ್ಲ. "ಸಾವಕಾರ್ರ, ಎತ್ತು ಕಟ್ಟಲೇನ್ರಿ?" ಎಂದು ಕೇಳಿಯೇ ಹೋಗುತ್ತಿದ್ದರು.

ಧುಪದಾಳದಲ್ಲಿದ್ದ ನೀರಾವರಿ ಸಾಹೇಬರೊಬ್ಬರು ವರ್ಗವಾಗಿ ಹೋಗುವಾಗ ಬಿಟ್ಟುಕೊಟ್ಟ ಗಾಡಿ ಅದು. ಮುಂದೆ ಸಣ್ಣ ಕಾರಿನ ಮೂತಿ, ಹಿಂದೆ ಪೆಟ್ಟಿಗೆಯಂಥ ಮೈ. ವಿಲಾಯತಿಯಲ್ಲಿ ಗಂಡ, ಹೆಂಡತಿ, ಎರಡು ಮಕ್ಕಳು ಮತ್ತೊಂದು ನಾಯಿಗೆಂದು ಮಾಡಿದ್ದಂತೆ. ನಮ್ಮೂರು ಮೂಡಲಗಿಯಲ್ಲಿ ನಾವು ಏಳು ಜನ ಅದರಲ್ಲಿ ತುಂಬಿಕೊಳ್ಳುತ್ತಿದ್ದೆವು, ನಮ್ಮ ಜೊತೆಗೆ ಎರಡು ಬೆಲ್ಲದ ಪೆಂಟಿ. ಎಂಜಿನ್ ಪಾಪ ಏನು ಮಾಡೀತು.

ಇದನ್ನು ನಗುತ್ತ ಹೇಳುತ್ತಿದ್ದೇನೆ, ಆದರೆ ಆ ಗಾಡಿಯ ಮೇಲೆ ನನಗಿದ್ದ ಸಿಟ್ಟು ನಗುವಂಥದ್ದಲ್ಲ. ಹುಕ್ಕೇರಿಯಲ್ಲಿ ನನ್ನವ್ವ ತೀರಿಕೊಂಡ ದಿನ ಅದು ಇದೇ ಘಾಟಿಯಲ್ಲಿ ನೀರು ಕುದ್ದು ನಿಂತುಬಿಟ್ಟಿತು. ನಾವು ತವರಿಗೆ ಮುಟ್ಟಿದಾಗ ಚಿತೆ ಇಳಿದಿತ್ತು. ನಾನು ಅವ್ವನ ಮುಖ ನೋಡಲಿಲ್ಲ. ಹೆಣ ಇಟ್ಟಷ್ಟು ಹೊತ್ತೂ ಅದರಲ್ಲಿ ಕಣ್ಣಿಗೆ ಕಾಣದ ಜೀವಗಳು ಹುಟ್ಟುತ್ತವೆ, ತಡ ಮಾಡಿದರೆ ಅವುಗಳನ್ನೂ ಸುಟ್ಟಂತಾಗುತ್ತದೆ ಎಂಬುದು ನಮ್ಮ ಜೈನರ ನಂಬಿಕೆ. ಅಪ್ಪ ಅದನ್ನು ಕೂದಲೆಳೆಯಷ್ಟೂ ಬಿಡದೆ ನಡೆಸುವ ಮನುಷ್ಯ. ಮಗಳು ದಾರಿಯಲ್ಲಿದ್ದಾಳೆ ಎಂದು ಗೊತ್ತಿದ್ದೂ ಕಾಯಲಿಲ್ಲ.

"ಕಣ್ಣಿಗಿ ಕಾಣದ ಹುಳಕ್ಕ ಇರೂ ಕಿಮ್ಮತ್ತು ಕಣ್ಣಿಗಿ ಕಾಣೂ ಮಗಳಿಗಿಲ್ಲೇನಪ್ಪಾ?" ಎಂದು ಎಲ್ಲರೆದುರು ಕೇಳಿದೆ. ಅಪ್ಪ ತಲೆ ತಗ್ಗಿಸಿದರು. ಅವತ್ತು ತವರಿನ ಹೊಸ್ತಿಲು ದಾಟಿ ಬಂದವಳು ಮತ್ತೆ ಹೋಗಲಿಲ್ಲ. ತಮ್ಮ ಬಾಪುಸಾಹೇಬ ಎಷ್ಟು ಸಲ ಕರೆಯಲು ಬಂದರೂ ಚಹಾ ಕುಡಿಸಿ ಕಳಿಸಿದೆ.

ನನ್ನ ಗಂಡ ಹೆಚ್ಚು ಮಾತಿನವರಲ್ಲ. ಸಮಾಧಾನ ಹೇಳಲು ಬರುವುದಿಲ್ಲ. ಅವರು ಮಾಡಿದ್ದೇನೆಂದರೆ, ಗಾಡಿಯನ್ನು ಗೋಕಾಕದ ಕೇದಾರಿಯ ಶೆಡ್ಡಿಗೆ ಒಯ್ದು ಬಿಟ್ಟರು. ಕೇದಾರಿ ಮಿಸ್ತ್ರಿಗೆ ಬಾಯಿ ಮೊದಲು, ನಟ್ಟು ಬಿಚ್ಚುವ ಪಾನಾ ಆಮೇಲೆ. ಈ ಗಾಡಿಯನ್ನು ಕುದುರೆ ಮಾಡಿ ಕೊಡದಿದ್ದರೆ ಮೀಸೆ ಬೋಳಿಸುತ್ತೇನೆ ಎಂದನಂತೆ. ಎಂಜಿನ್ನಿನ ಹೆಡ್ಡು ಬಿಚ್ಚಿ ಲೇಥಿನ ಮೇಲೆ ತೆಳ್ಳಗೆ ಹೆರೆಸಿದ, ಒಳಗೆ ದಾಬು, ಅಂದರೆ ಒತ್ತಡ, ಹೆಚ್ಚಬೇಕೆಂದು. ಲಿಲಾವಿನಲ್ಲಿ ಬಂದ ಹಳೆಯ ಮಿಲ್ಟ್ರಿ ಜೀಪಿನ ದೊಡ್ಡ ಕಾರ್ಬುರೇಟರ್ ತಂದು ಕೂರಿಸಿದ. ಗಾಳಿ ಸೋಸುವ ಹಳೆಯ ಡಬ್ಬಿ ಅದರ ಮೇಲೆ ಕೂರಲಿಲ್ಲ. ಅದನ್ನು ತೆಗೆದೆಸೆದು ಒಂದು ತಗಡಿನ ಕೊಳವೆ ಮಾಡಿ, ಅದರ ಬಾಯಿಯನ್ನು ಮುಂದಿನ ಜಾಳಿಗೆಯ ಹಿಂದೆ, ರೇಡಿಯೇಟರಿನ ಬಾಜೂಕ್ಕೆ ತಂದು ಬಿಟ್ಟ.

"ಇಷ್ಟ ದಿನಾ ಇದು ಮೂಗು ಮುಚ್ಚಿಕೊಂಡು ಓಡಾಕತ್ತಿತ್ರಿ ಬಾಯಾರ," ಎಂದು ನನಗೆ ತಿಳಿಸಿ ಹೇಳಿದ. "ಈಗ ಬಾಯಿ ತಗದು ಗಾಳಿ ನುಂಗತೈತಿ. ಓಡಿದಷ್ಟೂ ದಮ್ಮು ಜಾಸ್ತಿ."

ವಾರವಾರ ನನ್ನ ಗಂಡ ಗೋಕಾಕಕ್ಕೆ ಹೋಗಿ ಆ ಎಂಜಿನ್ನಿನ ಮುಂದೆ ನಿಂತು ಬರುತ್ತಿದ್ದರು. ನಾನು ಬಾಣಂತಿಯಾಗಿದ್ದಾಗಲೂ ಇಷ್ಟು ವಿಚಾರಿಸಿರಲಿಲ್ಲ ಎಂದು ಚುಚ್ಚಿದೆ. ಗಾಡಿ ತಯಾರಾದ ದಿನ ಎಲ್ಲರನ್ನೂ ಕೂರಿಸಿಕೊಂಡು ಘಾಟಿಯ ಬುಡಕ್ಕೆ ಬಂದರು. ನಾನು ರೂಢಿಯಂತೆ ಬಾಗಿಲಿಗೆ ಕೈ ಹಾಕಿದೆ. "ಕೂಡು," ಎಂದರು. ಗಾಡಿ ಒಂದೇ ಉಸಿರಿಗೆ ಹತ್ತಿತು. ಕೆಳಗೆ ನದಿ, ಆಚೆ ಫಾಲ್ಸಿನ ಹೊಗೆಯಂಥ ನೀರು, ಮಕ್ಕಳ ಕೂಗಾಟ, ಎಲ್ಲದರ ನಡುವೆ ನನಗೆ ಅಳು ಬಂತು. ಅವತ್ತು ಇಷ್ಟು ಶಕ್ತಿ ಇದ್ದಿದ್ದರೆ ಅವ್ವನ ಮುಖ ನೋಡುತ್ತಿದ್ದೆ. ಅವರು ಮುಂದೆ ನೋಡುತ್ತಲೇ ಗಾಡಿ ಓಡಿಸಿದರು, ಆದರೆ ಅವರ ಕಿವಿ ಕೆಂಪಾಗಿತ್ತು.

ಮನೆಗೆ ಬಂದ ಮೇಲೆ ಬಾನೆಟ್ ತೆಗೆದು ಅತ್ತೆಗೂ ತೋರಿಸಿದರು. ತೋರಿಸಬಾರದಿತ್ತು. ಅತ್ತೆ ಬಗ್ಗಿ ಕೊಳವೆಯ ಬಾಯಿ ನೋಡಿದರು. ಅಂಚಿಗೆ ಸಣ್ಣ ರೆಕ್ಕೆಗಳು ಅಂಟಿದ್ದವು.

"ಇದರಾಗ ಹ್ವಾದವು ಏನಾಕ್ಕಾವಪಾ?"

"ಸುಟ್ಟು ಹೋಗತಾವವ್ವಾ."

ಹಳೆಯ ಡಬ್ಬಿಯಲ್ಲೂ ಹುಳಗಳು ಧೂಳು ಹಿಡಿಯಲು ತುಂಬಿದ ಎಣ್ಣೆಗೆ ಬಿದ್ದು ಸಾಯುತ್ತಲೇ ಇದ್ದವು, ಆದರೆ ಅದಕ್ಕೆ ಮುಚ್ಚಳವಿತ್ತು, ಯಾರಿಗೂ ಕಾಣುತ್ತಿರಲಿಲ್ಲ. ಈ ಬಾಯಿ ತೆರೆದೇ ಇತ್ತು. ನಮ್ಮ ಅತ್ತೆ ಎಂಥವರೆಂದರೆ, ಗಾಡಿಯ ರೇಡಿಯೇಟರಿಗೆ ಹಾಕುವ ನೀರನ್ನೂ ಎರಡು ಮಡಿಕೆ ಅರಿವೆಯಲ್ಲಿ ಸೋಸಿಯೇ ಕೊಡುತ್ತಿದ್ದರು. ಸೋಸಿದ ಮೇಲೆ ಆ ಅರಿವೆಯನ್ನು ಮತ್ತೆ ಬಾವಿಗೆ ಇಳಿಬಿಟ್ಟು ಜಾಲಿಸಬೇಕು, ಅದರಲ್ಲಿ ಸಿಕ್ಕ ಜೀವಗಳು ತಮ್ಮ ನೀರಿಗೆ ತಾವು ಹೋಗಬೇಕು. ಒಂದು ದಿನ ತಪ್ಪಿದ್ದನ್ನು ನಾನು ಕಂಡಿಲ್ಲ.

ಭಾದ್ರಪದದ ಒಂದು ಮಧ್ಯಾಹ್ನ ತವರಿನ ಆಳು ಅಲ್ಲಪ್ಪ ಬಸ್ಸಿಳಿದು ಬಂದ. ಅಪ್ಪ ಸಲ್ಲೇಖನ ಹಿಡಿದಿದ್ದಾರೆ, ಅಂದರೆ ಅನ್ನ ಬಿಟ್ಟು ದೇಹ ಬಿಡುವ ವ್ರತ, ಎಂದು ನನಗೆ ಮೊದಲೇ ಗೊತ್ತಿತ್ತು. ಹೋಗಿರಲಿಲ್ಲ.

"ಅಕ್ಕಾರ, ಅಪ್ಪಾರು ಇವತ್ತ ಹೊತ್ತು ಮುಳುಗೂದಕ್ಕ ಮೌನಾ ತಗೋತಾರ್ರಿ," ಎಂದ ಅಲ್ಲಪ್ಪ. "ಆಮ್ಯಾಲೆ ಕಡೀತನಕಾ ಮಾತಿಲ್ಲ. ಊರಾಗ ಎಲ್ಲಾರ್ನೂ ಕರಿಸಿ ಕೈ ಮುಗದು ತಪ್ಪಾತು ಅಂದಾರ. ನೀವೊಬ್ಬರು ಉಳದೀರಿ. ನಿಮ್ಮ ಹೆಸರು ಹಿಡದು, ಸುಂದರಾನ ಮುಂದ ಒಂದು ಮಾತು ಹೇಳೂದೈತಿ ಅಂತಾರ್ರಿ."

ನನ್ನ ಹಟವೆಲ್ಲ ಆ ಅಂಗಳದಲ್ಲೇ ಕುಸಿಯಿತು. ಅಪ್ಪನ ಬಾಯಿಂದ ಆ ಒಂದು ಮಾತು ಕೇಳಬೇಕು, ಅಷ್ಟೇ ಬೇಕಿತ್ತು ನನಗೆ. ಗಂಡ ಅಂಗಿ ಬದಲಿಸಲು ಒಳಗೆ ಓಡಿದರು, ಓಡುವ ಮೊದಲು ಬಾನೆಟ್ ತೆಗೆದಿಟ್ಟರು. ಅತ್ತೆ ನೀರು ಸೋಸಿ ತಂದು ಹಾಕಿದರು. ನಾನು ಮಕ್ಕಳನ್ನು ನಾದಿನಿಗೆ ಒಪ್ಪಿಸುತ್ತಿದ್ದೆ, ಆ ಕಡೆ ನೋಡಲಿಲ್ಲ. ಗಾಡಿಯಲ್ಲಿ ನಾನು, ಗಂಡ, ಅತ್ತೆ ಮತ್ತು ಅಲ್ಲಪ್ಪ. ಹೊತ್ತು ಇನ್ನೂ ಮೇಲಿತ್ತು, ಗಾಡಿಗೆ ಶಕ್ತಿಯಿತ್ತು. ಹೊತ್ತಿಗೆ ಮೊದಲೇ ಮುಟ್ಟುತ್ತೇವೆ ಎಂದು ಗಂಡ ಹೇಳಿದರು. ಅವರು ಹಾಗೆ ಖಾತ್ರಿಯಾಗಿ ಹೇಳಿದ್ದು ಅದೇ ಮೊದಲು.

ಬಯಲು ದಾರಿಯಲ್ಲಿ ಗಾಡಿ ಸ್ವಲ್ಪ ಮಂಕಾಗಿ ಓಡಿತು. ಗೋಕಾಕ ದಾಟಿ ಘಾಟಿಗೆ ಮುಖ ಮಾಡಿ ಗಂಡ ಪೂರಾ ಜೋರು ಕೊಟ್ಟರು. ಅರ್ಧ ಏರಿನಲ್ಲಿ ಹಿಂದಿನಿಂದ ಕಪ್ಪು ಹೊಗೆ ಬಂತು. ಗಾಡಿ ಎರಡು ಸಲ ಬಿಕ್ಕಿ ನಿಂತಿತು.

ನಾನು ಇಳಿದೆ. ಅಲ್ಲಪ್ಪ ಇಳಿದ. ದೂಡಿದೆವು. ಮಿಡುಕಿ ಮತ್ತೆ ಸತ್ತಿತು. ಗಂಡ ಬಾನೆಟ್ ತೆಗೆದು ಪ್ಲಗ್ ಬಿಚ್ಚಿ ಒರೆಸಿದರು, ತಂತಿಗಳನ್ನು ಜಗ್ಗಿ ನೋಡಿದರು, ಪೆಟ್ರೋಲ್ ಬರುತ್ತಿದೆಯೇ ಎಂದು ಬಾಯಿ ಹಚ್ಚಿ ಉಗುಳಿದರು. ಎಲ್ಲ ಸರಿಯಿತ್ತು. ಒಂದು ಲಾರಿ ಕೆಳಗೆ ಹೋಗುತ್ತಿತ್ತು, ಅದನ್ನು ಹತ್ತಿ ಕೇದಾರಿಯನ್ನು ಕರೆತರಲು ಹೋದರು. ನಾನು ದಾರಿಯ ಬದಿಯಲ್ಲಿ ನಿಂತು ಬಿಸಿಲು ಗುಡ್ಡದ ಮೇಲೆ ಸರಿಯುವುದನ್ನು ನೋಡಿದೆ. ಅತ್ತೆ ಒಂದು ಕಲ್ಲಿನ ಮೇಲೆ ಕುಳಿತು ಣಮೋಕಾರ ಮಂತ್ರ ಹೇಳುತ್ತಿದ್ದರು. ಮೇಲೇರುವ ಗಾಡಿ ಒಂದೂ ಬರಲಿಲ್ಲ.

ಕೇದಾರಿ ಬಂದವನೇ ಹೊಗೆಯ ಕರಿ ನೋಡಿದ, "ಇದಕ್ಕ ಗಾಳಿ ಸಿಗವಲ್ದು, ನಾ ಮಾಡಿದ ಎಂಜಿನ್ ಹಿಂಗ ಸಾಯಂಗಿಲ್ಲರಿ," ಎಂದು ತನ್ನನ್ನು ತಾನು ಹೊಗಳಿಕೊಂಡ. ಎಂಜಿನ್ ತಿರುಗಿಸಲು ಹೇಳಿ, ಜಾಳಿಗೆಯ ಹಿಂದೆ ಕೈ ತೂರಿಸಿ ಕೊಳವೆಯ ಬಾಯಿಗೆ ಅಂಗೈ ಹಿಡಿದ. ಅಲ್ಲೇ ತಡೆದು, ಏನನ್ನೋ ಜಗ್ಗಿ ತೆಗೆದ. ನಮ್ಮ ಮನೆಯ ನೀರು ಸೋಸುವ ಅರಿವೆ. ಎರಡು ಮಡಿಕೆ, ಅಂಚಿಗೆ ನೂಲಿನ ಗಂಟು. ಧೂಳು, ಎಂಜಿನ್ನಿನ ಜಿಡ್ಡು, ಸಣ್ಣ ರೆಕ್ಕೆಗಳು ಎಲ್ಲ ಸೇರಿ ಅದು ಚರ್ಮದಂತೆ ಬಿಗಿದಿತ್ತು.

"ಇದನ್ನ ಯಾರ ಕಟ್ಟಿದ್ರಿ?"

ಅತ್ತೆ ಎದ್ದು ನಿಂತರು. "ನಾನಪಾ. ನೀರು ಸೋಸಿದ್ರ ನೀರೇನ ಕಡಿಮಿ ಆಗತೈತೇನು? ಗಾಳಿನೂ ಹಂಗ ಬರತೈತಿ ಅಂತ ತಿಳಕೊಂಡೆ. ಊರು ಮುಟ್ಟಿದ ಮ್ಯಾಲೆ ಜಾಡಿಸಿ ಬಿಡೂದಿತ್ತು."

ಮೂರು ವರ್ಷದ ಹಿಂದೆ ಅಪ್ಪನಿಗೆ ಅಂದ ಮಾತು ಹಾಗೇ ನನ್ನ ಬಾಯಿಗೆ ಬಂತು. "ಹುಳಕ್ಕ ಇರೂ ಕಿಮ್ಮತ್ತು ನನಗಿಲ್ಲೇನ್ರಿ ಅತ್ತಿ? ಅಲ್ಲೂ ಇಲ್ಲ, ಇಲ್ಲೂ ಇಲ್ಲ?"

ಗಂಡ ನನ್ನ ತೋಳು ಹಿಡಿದು ಗಾಡಿಯಲ್ಲಿ ಕೂರಿಸಿದರು. ಅತ್ತೆ ಕೇದಾರಿಯ ಕೈಯಿಂದ ಅರಿವೆ ಇಸಿದುಕೊಂಡು ಹಿಂದೆ ಕುಳಿತರು. ಈಗ ಗಾಡಿ ಘಾಟಿಯನ್ನು ಲೆಕ್ಕಕ್ಕೇ ಇಡಲಿಲ್ಲ. ಕೇದಾರಿ ಹೇಳಿದ ಕುದುರೆಯೇ ಅದು, ಹಾಗೆ ಓಡಿತು, ಆ ಓಟ ನೋಡಿ ನನಗೆ ಇನ್ನಷ್ಟು ಹೊಟ್ಟೆ ಉರಿಯಿತು. ಘಟಪ್ರಭಾ ದಾಟುವಾಗ ಸೂರ್ಯ ಕಣ್ಣಿಗೆ ನೇರ ಇದ್ದ. ಆಮೇಲೆ ಜೋಳದ ಹೊಲಗಳ ಹಿಂದೆ ಹೋದ. ಒಮ್ಮೆ ತಿರುಗಿದಾಗ ಅತ್ತೆ ಅರಿವೆಯನ್ನು ತೊಡೆಯ ಮೇಲೆ ಹರಡಿ, ಉಳಿದ ಬೆಳಕಿನಲ್ಲಿ ಬೆರಳಿನಿಂದ ಮೆಲ್ಲಗೆ ಬಿಡಿಸಿ ಬಿಡಿಸಿ ಹುಡುಕುತ್ತಿದ್ದರು.

ಹುಕ್ಕೇರಿಯಲ್ಲಿ ಬಾಪುಸಾಹೇಬ ಬಾಗಿಲಲ್ಲೇ ನಿಂತಿದ್ದ. ಅವನ ಮುಖ ನೋಡಿಯೇ ತಿಳಿಯಿತು.

"ಹೊತ್ತು ಮುಳುಗೂತನಕಾ ಬಾಗಲಾನ ನೋಡಿದ್ರಕ್ಕಾ. ಒಂದು ಘಳಿಗಿ ತಡೀರಿ ಅಂದೆ. ಅಕೀ ತಾಯಿಗಿ ಅಂತ ತಡದಿಲ್ಲ, ಈಗ ನನಗ ಅಂತ ಹೆಂಗ ತಡೀಲಿ ಅಂದ್ರು."

ಅಪ್ಪನ ಕೋಣೆಯಲ್ಲಿ ದೀಪವಿರಲಿಲ್ಲ. ದೀಪಕ್ಕೆ ಹುಳ ಬಂದು ಬೀಳುತ್ತವೆ ಎಂದು ಬೇಡ ಎಂದಿದ್ದರಂತೆ. ಅಂಗಳದ ಗೋಡೆಗೆ ತೂಗಿದ ಕಂದೀಲಿನ ಬೆಳಕು ಹೊಸ್ತಿಲು ದಾಟಿ ಅವರ ಚಾಪೆಯ ಅಂಚಿಗೆ ಬಿದ್ದಿತ್ತು. ಅಷ್ಟು ದೊಡ್ಡ ಆಳು ಚಾಪೆಯ ಮೇಲೆ ಮಡಿಸಿಟ್ಟ ಧೋತರದಷ್ಟೇ ಇದ್ದರು. ನಾನು ಹತ್ತಿರ ಕುಳಿತೆ. ಅವರ ತುಟಿ ಅಲುಗಿತು, ನಿಂತಿತು. ವ್ರತ ಮುರಿಯುವವರಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆದರೂ ಒಂದು ಮಾತಿಗಾಗಿ ಅವರ ಬಾಯನ್ನೇ ನೋಡಿದೆ.

ಅತ್ತೆ ಹೊಸ್ತಿಲಲ್ಲಿ ನಿಂತು ಸೆರಗು ಮುಂದೆ ಮಾಡಿದರು. "ಬೀಗರ, ತಡಾ ಆಗಿದ್ದು ನನ್ನಿಂದರಿ," ಎಂದು ಎಲ್ಲವನ್ನೂ ಹೇಳಿದರು. ಒಂದನ್ನೂ ಮುಚ್ಚಿಡಲಿಲ್ಲ. ಕಡೆಗೆ ಅರಿವೆ ತೋರಿಸಿದರು.

ಅಪ್ಪ ಕೈ ಚಾಚಿದರು. ಅರಿವೆಯನ್ನು ಇಸಿದುಕೊಂಡು ಬೆರಳಿನಿಂದ ತಡವಿದರು. ಆಮೇಲೆ ಅದನ್ನು ನನ್ನ ಮಡಿಲಿಗೆ ಹಾಕಿ ಅಂಗಳದ ಕಡೆ ತೋರಿಸಿದರು. ಅದರ ಅರ್ಥ ನಮ್ಮ ಮನೆತನದ ಯಾವ ಹೆಣ್ಣಿಗೂ ಹೇಳಿಕೊಡಬೇಕಿಲ್ಲ. ಜಾಡಿಸಿ ಬಾ, ಉಳಿದದ್ದು ಹೋಗಲಿ.

ನಾನು ನುಗ್ಗೆಗಿಡದ ಹತ್ತಿರ ಹೋಗಿ ಜಾಡಿಸಿದೆ. ಏನೂ ಏಳಲಿಲ್ಲ. ಕಂದೀಲಿನ ಕೆಳಗೆ ಅರಿವೆ ಅಗಲಿಸಿ ಹಿಡಿದೆ. ಜಿಡ್ಡು, ಕರಿ, ಅದರಲ್ಲಿ ಅಂಟಿಹೋದ ರೆಕ್ಕೆಗಳು. ಒಂದೂ ಅಲುಗುತ್ತಿರಲಿಲ್ಲ. ನನಗೆ ಎಂಥ ಸಿಟ್ಟು ಬಂತೆಂದರೆ, ಅದನ್ನು ಒಯ್ದು ಅಪ್ಪನ ಎದೆಯ ಮೇಲೆ ಹರಡಿ ಹೇಳಬೇಕೆನಿಸಿತು. ನೋಡಪ್ಪಾ, ಅವ್ವನ ಮುಖವೂ ನನಗೆ ಸಿಗಲಿಲ್ಲ, ನಿನ್ನ ಮಾತೂ ಸಿಗಲಿಲ್ಲ, ನಿಮ್ಮ ಹುಳಗಳಾದರೂ ಉಳಿದವೇನು. ಆ ಮಾತನ್ನು ನಾಲಿಗೆಯ ತುದಿಗೆ ಇಟ್ಟುಕೊಂಡೇ ಒಳಗೆ ಬಂದೆ.

ಅಪ್ಪ ತಲೆಯನ್ನು ಚಾಪೆಯಿಂದ ತುಸು ಎತ್ತಿ ನನ್ನ ಕೈಗಳನ್ನೇ ನೋಡುತ್ತಿದ್ದರು. ಮಗಳು ಬರುತ್ತಾಳೆಂದು ಬಾಗಿಲು ನೋಡಿದ್ದೂ ಹೀಗೇ ಇರಬೇಕು.

"ಒಂದು ಇತ್ತಪ್ಪಾ," ಎಂದೆ. "ಹಾರಿ ಹೋತು."

ಅವರ ತಲೆ ಹಿಂದಕ್ಕೆ ಒರಗಿತು. ಎರಡೂ ಕೈ ಮೆಲ್ಲಗೆ ಎದ್ದು ಎದೆಯ ಮೇಲೆ ಕೂಡಿಕೊಂಡವು, ನನ್ನ ಕಡೆಗೆ. ಹೆತ್ತ ಅಪ್ಪ ಮಗಳಿಗೆ ಕೈ ಮುಗಿದರೆ ಹೇಗಿರುತ್ತದೆ ಎಂದು ನಾನು ಹೇಳಲಾರೆ. ಆ ಕೈಗಳನ್ನು ಹಿಡಿದು ಬಿಡಿಸಿದೆ, ಹಿಡಿದುಕೊಂಡೇ ಕುಳಿತೆ. ಅಳು ಬಂತು, ತಡೆಯಲಿಲ್ಲ. ಅವರು ಆಮೇಲೆ ಕೆಲವು ದಿನ ಇದ್ದರು, ಮಾತಾಡಲಿಲ್ಲ.

ಆ ರಾತ್ರಿ ಹೊರಗೆ ಬಂದಾಗ ಅತ್ತೆ ಬಾವಿಕಟ್ಟೆಯ ಹತ್ತಿರ ಒಬ್ಬರೇ ನಿಂತಿದ್ದರು. ನಮ್ಮ ನೇಮದಂತೆ, ಹೊತ್ತು ಮುಳುಗಿದ ಮೇಲೆ ಅವರು ನೀರೂ ಮುಟ್ಟಿರಲಿಲ್ಲ. ಘಾಟಿಯಿಂದ ಹುಕ್ಕೇರಿಯ ತನಕ ಆ ಅರಿವೆಯ ಎಳೆಎಳೆ ಹುಡುಕಿದವರು ಅವರು.

"ಸುಂದರಾ, ಖರೇನ ಹಾರಿತೇನು?"

"ಹೂಂ ಅತ್ತಿ."

ಅವರು ಬಹಳ ಹೊತ್ತು ನನ್ನನ್ನು ನೋಡಿದರು. ಆಮೇಲೆ ನನ್ನ ಕೈಯಿಂದ ಅರಿವೆ ತೆಗೆದುಕೊಂಡು, ಮಡಿಚಿ, ಸೊಂಟಕ್ಕೆ ಸಿಕ್ಕಿಸಿಕೊಂಡರು.